ಸ್ಟೇನ್‌ಲೆಸ್ ಚಾಕು ಕುಲುಮೆಗೆ ಹೋದರೆ

ಕೊಯ್ಲು ಮುಗಿದು ಗಿಡಗಸಿ ಶುರುವಾಗುವ ಮುಂಚೆ ಪ್ರತಿ ಬೆಳೆಗಾರನ ಮನೆಯಲ್ಲೂ ಒಂದು ಕೆಲಸ ನಡೆಯುತ್ತದೆ. ಅಟ್ಟದಲ್ಲಿದ್ದ ಕತ್ತಿ, ಕಸಿ ಚಾಕು, ಕತ್ತರಿಗಳನ್ನೆಲ್ಲ ಕೆಳಗಿಳಿಸಿ, ಮಸೆಯುವುದನ್ನು ಮಸೆದು, ಬಾಯಿ ಹೋದದ್ದನ್ನು ಕುಲುಮೆಗೆ ಕಳಿಸುತ್ತೇವೆ. ಮಾಮೂಲಿ ಉಕ್ಕಿನ ಕತ್ತಿಗೆ ಈ ಪದ್ಧತಿ ಸರಿ. ಸ್ಟೇನ್‌ಲೆಸ್ ಉಕ್ಕಿನ ಚಾಕುವನ್ನೂ ಅದೇ ಗಂಟಿನಲ್ಲಿ ಕಟ್ಟಿ ಕಳಿಸಿದರೆ ಏನಾಗುತ್ತದೆಂಬುದನ್ನು ನಾನು ಸ್ವಂತ ಖರ್ಚಿನಲ್ಲಿ ಕಲಿತಿದ್ದೇನೆ.

ದುಬಾರಿ ಬೆಲೆ ಕೊಟ್ಟು ತಂದ ಚಾಕು ಅದು. ಸಿಲ್ವರ್ ಓಕಿನ ಗಂಟಿಗೆ ತಾಗಿ ಅಲಗು ಮುಕ್ಕಾಯಿತು. ನಮ್ಮ ಕಡೆಯ ಕಮ್ಮಾರರು ನುರಿತವರು. ಅವರು ಲಾರಿ ಪ್ಲೇಟಿನಿಂದ ಬಡಿದುಕೊಟ್ಟ ಕತ್ತಿ ಇಂದಿಗೂ ಮರಗಸಿಗೆ ಬರುತ್ತದೆ. ಅವರು ಚಾಕುವನ್ನು ಕೆಂಪಗೆ ಕಾಯಿಸಿ, ಬಾಯಿ ತಟ್ಟಿ, ನೀರು ಕುಡಿಸಿ, ಸಾಣೆ ಹಿಡಿದು ಕೊಟ್ಟರು. ನೋಡಲು ಹೊಸದರಂತೆಯೇ ಇತ್ತು. ಎರಡನೆಯ ದಿನಕ್ಕೆ ಅದರ ಬಾಯಿ ಮಡಿಚಿಕೊಂಡಿತು. ಅರೇಬಿಕಾದ ಹಸಿ ರೆಕ್ಕೆಗಳು ಕತ್ತರಿಸುವ ಬದಲು ತೊಗಟೆ ಸಮೇತ ಸೀಳಿಬಂದವು. ಹಾಗೆ ಸೀಳಿದ ಗಾಯ ಬೇಗ ಮಾಯುವುದಿಲ್ಲವೆಂದು ನಿಮಗೆ ಹೇಳಬೇಕಾಗಿಲ್ಲ. ಮಳೆ ಹಿಡಿಯುವ ಹೊತ್ತಿಗೆ ಅಲಗಿನ ಮೇಲೆ ತುಕ್ಕಿನ ಚುಕ್ಕೆಗಳೂ ಎದ್ದವು. ತಪ್ಪು ಕಮ್ಮಾರರದಲ್ಲ, ಇಂಥದೆಂದು ಹೇಳದೆ ಕೊಟ್ಟ ನನ್ನದು.

ಕಾರಣ ಹೀಗಿದೆ. ಉಕ್ಕು ಗಡಸಾಗುವುದು ಅದರಲ್ಲಿರುವ ಇಂಗಾಲದಿಂದ. ಸಾಕಷ್ಟು ಕಾಯಿಸಿದಾಗ ಇಂಗಾಲ ಉಕ್ಕಿನೊಳಗೆ ಸಕ್ಕರೆ ನೀರಿನಲ್ಲಿ ಕರಗಿದ ಹಾಗೆ ಕರಗುತ್ತದೆ. ಥಟ್ಟನೆ ತಣಿಸಿದರೆ ಅಲ್ಲೇ ಸಿಕ್ಕಿಕೊಂಡು ಉಕ್ಕನ್ನು ಬಿಗಿಯುತ್ತದೆ. ಮಾಮೂಲಿ ಇಂಗಾಲದ ಉಕ್ಕಿಗೆ ಸುಮಾರು 800 ಡಿಗ್ರಿ ಸೆಂಟಿಗ್ರೇಡ್, ಲಾರಿ ಪ್ಲೇಟಿಗೆ 850ರಿಂದ 900 ಡಿಗ್ರಿ ಶಾಖ ಸಾಕು. ಕುಲುಮೆಯ ಬೆಳಕಿನಲ್ಲಿ ಚೆರ್ರಿ ಹಣ್ಣಿನ ಕೆಂಪಿನಿಂದ ಕಿತ್ತಳೆಗೆ ತಿರುಗುವ ಬಣ್ಣ. ಕಮ್ಮಾರನ ಕಣ್ಣಿಗೆ ಅದು ಬಾಯಿಪಾಠ.

ಸ್ಟೇನ್‌ಲೆಸ್ ಉಕ್ಕಿನಲ್ಲಿ ಕ್ರೋಮಿಯಂ ಎಂಬ ಇನ್ನೊಂದು ಲೋಹ ಶೇಕಡಾ 11-12ಕ್ಕಿಂತ ಹೆಚ್ಚಿರುತ್ತದೆ. (ಇದರ ಅದಿರು ದೂರದ್ದೇನಲ್ಲ, ಪಕ್ಕದ ಹಾಸನ ಜಿಲ್ಲೆಯ ಬೈರಾಪುರದಲ್ಲೇ ಗಣಿ ತೆಗೆದಿದ್ದಾರೆ.) ಅಲಗಿನ ಮೇಲೆ ಕಣ್ಣಿಗೆ ಕಾಣದ ಪೊರೆ ಕಟ್ಟಿ ತುಕ್ಕನ್ನು ತಡೆಯುವುದು ಈ ಕ್ರೋಮಿಯಂ. ಆದರೆ ಅದು ಇಂಗಾಲವನ್ನು ಬಲವಾಗಿ ಹಿಡಿದುಕೊಳ್ಳುವ ಸ್ವಭಾವದ್ದು. ಆ ಹಿಡಿತ ಬಿಡಿಸಿ ಇಂಗಾಲವನ್ನು ಕರಗಿಸಲು 980ರಿಂದ 1050 ಡಿಗ್ರಿ ಬೇಕು. 800 ಡಿಗ್ರಿಗೆ ಕಾಯಿಸಿದರೆ ಗಡಸಾಗುವುದಿರಲಿ, ಕಾರ್ಖಾನೆಯಲ್ಲಿ ಹಾಕಿದ್ದ ಹದವೂ ಇಳಿದು ಮೆತ್ತಗಾಗುತ್ತದೆ. ಕ್ರೋಮಿಯಂ ಇಂಗಾಲದ ಜೊತೆ ಗಂಟುಗಂಟಾಗಿ ಕೂಡುವುದರಿಂದ ಪೊರೆ ಕಟ್ಟಲು ಉಳಿಯುವುದು ಕಡಿಮೆ, ಹಾಗಾಗಿ ತುಕ್ಕೂ ಬರುತ್ತದೆ. ನನ್ನ ಚಾಕುವಿನ ಎರಡು ರೋಗಕ್ಕೂ ಮೂಲ ಇದೇ ಒಂದು.

ಈ ಪಾಠ ಹೊಸದಲ್ಲ. 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ ಎಂಬಾತ ಬಂದೂಕಿನ ನಳಿಕೆಗೆ ಬಾಳುವ ಉಕ್ಕು ಹುಡುಕುತ್ತ, ಶೇಕಡಾ 12.8 ಕ್ರೋಮಿಯಂ, 0.24 ಇಂಗಾಲವಿದ್ದ ಎರಕವೊಂದನ್ನು ಮಾಡಿದ. ಅದು ತುಕ್ಕು ಹಿಡಿಯದ್ದನ್ನು ಕಂಡು ಚಾಕು ಮಾಡಲು ಕೊಟ್ಟ. ಶೆಫೀಲ್ಡಿನ ಚಾಕು ಕುಶಲಿಗಳು ತಮಗೆ ರೂಢಿಯಿದ್ದ ಶಾಖದಲ್ಲೇ ಹದ ಹಾಕಿದರು, ಚಾಕು ಕತ್ತರಿಸಲಿಲ್ಲ. ಕತ್ತರಿಸದ ಚಾಕು ಕಂಡುಹಿಡಿದವನೆಂದು ಬ್ರಿಯರ್ಲಿಯನ್ನು ಗೇಲಿ ಮಾಡಿದರು. ಲೋಕಪ್ರಸಿದ್ಧ ಶೆಫೀಲ್ಡೇ ಎಡವಿದ ಕಡೆ ಮೂಡಿಗೆರೆಯ ಕುಲುಮೆ ಎಡವಿದರೆ ಅವಮಾನವೇನಿಲ್ಲ.

ಹಾಗಾದರೆ ಕುಲುಮೆಯಲ್ಲೇ ಇನ್ನಷ್ಟು ತಿದಿ ಒತ್ತಿ ಹಳದಿಗೆ ತಿರುಗುವ ತನಕ ಕಾಯಿಸಬಹುದಲ್ಲ ಎಂದು ಕೇಳಬಹುದು. ಕಾಯಿಸಬಹುದು, ಹದ ನಿಲ್ಲುವುದಿಲ್ಲ. 50 ಡಿಗ್ರಿ ಆಚೀಚೆಯಾದರೆ ಗುಣ ಬದಲಾಗುವ ಉಕ್ಕಿಗೆ ಕಣ್ಣಳತೆ ಸಾಲದು, ಶಾಖಮಾಪಕವಿರುವ ಒಲೆಯೇ ಬೇಕು. ಮೇಲಾಗಿ ಇದನ್ನು ನೀರಿಗೆ ಅದ್ದಬಾರದು. ಎಣ್ಣೆಯಲ್ಲಿ ತಣಿಸುತ್ತಾರೆ, ತೆಳು ಅಲಗಾದರೆ ಬರಿ ಗಾಳಿಯಲ್ಲೇ ಗಡಸಾಗುತ್ತದೆ. ನೀರಿಗೆ ಬಿದ್ದರೆ ಡೊಂಕಾಗುವುದು, ಬಿರುಕು ಬಿಡುವುದು. ತಣಿದ ಮೇಲೆ ಗಾಜಿನಂತೆ ಪೆಡಸಾಗಿರುವುದರಿಂದ ತಡಮಾಡದೆ 150ರಿಂದ 200 ಡಿಗ್ರಿಯಲ್ಲಿ ಒಂದೆರಡು ಗಂಟೆ ಇಟ್ಟು ಪೆಡಸು ಇಳಿಸಬೇಕು. ಇಲ್ಲಿ 425ರಿಂದ 565 ಡಿಗ್ರಿಯ ನಡುವಿನ ಶಾಖ ಸಲ್ಲದು. ಉಕ್ಕು ಬೇಗ ಮುರಿಯುವಂತಾಗಿ, ತುಕ್ಕು ತಡೆಯುವ ಗುಣವೂ ಕುಂದುತ್ತದೆ. ಇಂಥ ಒಲೆಗಳು ಬೆಂಗಳೂರಿನ ಪೀಣ್ಯದಂಥ ಕಡೆ ಇವೆ. ಒಂದು ಚಾಕುವಿಗಾಗಿ ಅಲ್ಲಿಗೆ ಹೋಗುವುದಕ್ಕಿಂತ ಹೊಸದು ಕೊಳ್ಳುವುದೇ ಅಗ್ಗ. ಇಪ್ಪತ್ತು ಮೂವತ್ತು ಮೆಟ್ಟುಗತ್ತಿಗಳನ್ನು ಒಟ್ಟಾಗಿ ಮಾಡಿಸುವುದಾದರೆ ಲೆಕ್ಕ ಬೇರೆ.

ಕೊಳ್ಳುವಾಗ ದರ್ಜೆ ಕೇಳಿ. ನಮ್ಮ ಅಡಿಗೆಮನೆಯ ಹಲವು ಪಾತ್ರೆಗಳು 304 ದರ್ಜೆ, 18 ಪಾಲು ಕ್ರೋಮಿಯಂ, 8 ಪಾಲು ನಿಕ್ಕಲ್. ತುಕ್ಕಿಗೆ ಗಟ್ಟಿ, ಆದರೆ ಎಷ್ಟೇ ಕಾಯಿಸಿ ತಣಿಸಿದರೂ ಗಡಸಾಗದು. ಕತ್ತಿಗಳಿಗೆ ಬೇಕಾದ್ದು 420 ದರ್ಜೆ: 12ರಿಂದ 14 ಪಾಲು ಕ್ರೋಮಿಯಂ, ಚಾಕುವಿಗಾದರೆ 0.3-0.4ರಷ್ಟು ಇಂಗಾಲ. 410ರಲ್ಲಿ ಇಂಗಾಲ ತೀರ ಕಡಿಮೆ, ಬಾಯಿ ಬೇಗ ಸವೆಯುತ್ತದೆ. 440ಸಿಯಲ್ಲಿ ಇಂಗಾಲ ಸುಮಾರು 1 ಪಾಲು. ಬಹಳ ಗಡಸು, ಆದರೆ ತಿರುಚಿದರೆ ಚೂರು ಹಾರುತ್ತದೆ, ಕಾಡುಕಲ್ಲಿಗೆ ಮಸೆಯುವುದೂ ಕಷ್ಟ. ಅಯಸ್ಕಾಂತ ಹಿಡಿದು ನೋಡುವ ರೂಢಿಯಿದೆ. ಅಂಟದಿದ್ದರೆ ಬಿಟ್ಟುಬಿಡಿ, ಅದು ಪಾತ್ರೆಯ ಜಾತಿ. ಅಂಟಿತೆಂದು ಮಾತ್ರಕ್ಕೆ ನಂಬಬೇಡಿ, ಗಡಸಾಗದ 430 ದರ್ಜೆಯೂ ಅಂಟುತ್ತದೆ. ಹಳೆಯ ಅರದ ಮೂಲೆಯಿಂದ ಅಲಗಿನ ಬುಡ ಉಜ್ಜಿ ನೋಡಿ. ಅರ ಜಾರಿದರೆ ಹದವಿದೆ, ಸುಲಭವಾಗಿ ಕಚ್ಚಿ ಪುಡಿ ಉದುರಿಸಿದರೆ ಇಲ್ಲ. ಅಂಗಡಿಯವರು ಒಪ್ಪಿದರೆ, ಅಷ್ಟೆ.

ಇನ್ನು ಮನೆಯಲ್ಲೇ ಹದ ಕೆಡಿಸುವ ಎರಡು ಅಭ್ಯಾಸಗಳಿವೆ. ಮೊದಲನೆಯದು ವಿದ್ಯುತ್ ಸಾಣೆ. ಸ್ಟೇನ್‌ಲೆಸ್ ಉಕ್ಕು ಶಾಖವನ್ನು ಸಾಗಿಸುವುದು ಮಾಮೂಲಿ ಉಕ್ಕಿನ ಅರ್ಧದಷ್ಟು ಮಾತ್ರ. ಶಾಖವೆಲ್ಲ ಬಾಯಿಯಲ್ಲೇ ನಿಲ್ಲುತ್ತದೆ. ಮಾಮೂಲಿ ಉಕ್ಕು 300 ಡಿಗ್ರಿಗೇ ನೀಲಿಯಾಗಿ ಎಚ್ಚರಿಸುತ್ತದೆ. ಸ್ಟೇನ್‌ಲೆಸ್ ನೀಲಿಯಾಗುವಷ್ಟರಲ್ಲಿ ಶಾಖ 500 ಡಿಗ್ರಿಯ ಆಸುಪಾಸು ತಲುಪಿ ಹದ ಹೋಗಿರುತ್ತದೆ. ಆದ್ದರಿಂದ ಒದ್ದೆ ಕಲ್ಲಿನಲ್ಲಿ ಕೈಯಿಂದಲೇ ಮಸೆಯಿರಿ. ಸಾಣೆ ಹಿಡಿಯಲೇಬೇಕಾದರೆ ಬೆರಳಿಗೆ ಬಿಸಿ ತಾಗುವ ಮೊದಲೇ ನೀರಿಗೆ ಅದ್ದುತ್ತಿರಿ.

ಎರಡನೆಯದು, ರೋಗದ ಗಿಡ ಮುಟ್ಟಿದ ಚಾಕುವನ್ನು ಶುದ್ಧಿಗೆಂದು ಬೆಂಕಿಯಲ್ಲಿ ಹಿಡಿಯುವುದು. ತೆಳುವಾದ ಬಾಯಿ ಕ್ಷಣದಲ್ಲಿ ಕಾದುಹೋಗುತ್ತದೆ. ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದರೆ ಸಾಕು. ಬ್ಲೀಚಿಂಗ್ ಪುಡಿಯ ನೀರು ಬೇಡ, 420 ದರ್ಜೆಯ ಅಲಗಿನಲ್ಲಿ ಅದು ಗುಳಿ ಬೀಳಿಸುತ್ತದೆ. ಅಡಿಕೆ ಸುಲಿದ ಮೆಟ್ಟುಗತ್ತಿಯನ್ನೂ ಚೊಗರು ಒಣಗುವ ಮೊದಲು ತೊಳೆದು, ಒರೆಸಿ, ಕೊಬ್ಬರಿ ಎಣ್ಣೆ ಸವರಿ ತೂಗುಹಾಕಿ.