ಪೂರ್ತಿ ಸಂಭೋಗ ಆಗಿಲ್ಲ, ಹಾಗಾದರೆ ಸೋಂಕಿನ ಭಯ ಇಲ್ಲವೇ?

ಮನೆಯಲ್ಲಿ ಬಾಯಿಬಿಟ್ಟು ಕೇಳಲಾಗದ, ಪರಊರಿನ ಡಾಕ್ಟರ ಮುಂದೆ ಅವರ ಭಾಷೆಯಲ್ಲಿ ಹೇಳಲೂ ಬಾರದ ವಿಷಯವೊಂದನ್ನು ಇಂದು ತಿಳಿಯೋಣ.

"ಬರೀ ಮುಟ್ಟಿದ್ದು, ಮುತ್ತಿಟ್ಟದ್ದು ಅಷ್ಟೇ, ಏನೂ ಆಗಲ್ಲ" ಎಂದು ಕೆಲವರು ನಿಶ್ಚಿಂತೆಯಿಂದ ಇರುತ್ತಾರೆ. ಇನ್ನು ಕೆಲವರು ಒಂದು ಮುತ್ತಿಗೇ ಎಚ್‌ಐವಿ ಬಂತೆಂದು ನಿದ್ದೆಗೆಡುತ್ತಾರೆ. ಎರಡೂ ಸರಿಯಲ್ಲ.

*ಯಾವುದಕ್ಕೆ ಹೆದರಬೇಕಿಲ್ಲ?*
ಅಪ್ಪುಗೆ, ಮುತ್ತು, ಕೈಯಿಂದ ಮುಟ್ಟುವುದು, ಬಟ್ಟೆಯ ಮೇಲಿನ ಸ್ಪರ್ಶ ಇವುಗಳಿಂದ ಎಚ್‌ಐವಿ ಹರಡುವುದಿಲ್ಲ. ಅದು ರಕ್ತ, ವೀರ್ಯ, ಯೋನಿಸ್ರಾವ, ಎದೆಹಾಲಿನ ಮೂಲಕ ಹರಡುವ ವೈರಸ್.

*ಚರ್ಮಕ್ಕೆ ಚರ್ಮ ತಾಗಿದರೂ ಹರಡುವಂಥವು*

1. *ಹರ್ಪಿಸ್:* ಉರಿಯುವ ಸಣ್ಣ ನೀರುಗುಳ್ಳೆಗಳು. ತುಟಿಯ ಗುಳ್ಳೆ ಬಾಯಿಯ ಸಂಪರ್ಕದಿಂದ ಗುಪ್ತಾಂಗಕ್ಕೂ ಹರಡಬಹುದು. ಗುಳ್ಳೆ ಕಾಣದಿದ್ದಾಗಲೂ ಅಂಟಬಹುದು. ಪೂರ್ತಿ ಹೋಗುವುದಿಲ್ಲ, ಆದರೆ ಮಾತ್ರೆಯಿಂದ ಹತೋಟಿಯಲ್ಲಿರುತ್ತದೆ.

2. *ಸಿಫಿಲಿಸ್:* ಇದೇ ಹೆಚ್ಚು ಮೋಸ ಮಾಡುವುದು. ಸಾಮಾನ್ಯವಾಗಿ ಮೂರು ವಾರದ ಹೊತ್ತಿಗೆ ನೋವಿಲ್ಲದ ಒಂದು ಹುಣ್ಣು ಏಳುತ್ತದೆ, ತಾನೇ ಮಾಯುತ್ತದೆ. ಹುಣ್ಣು ಮಾಯ್ದರೂ ರೋಗ ರಕ್ತದಲ್ಲಿ ಉಳಿದಿರುತ್ತದೆ. ಗರ್ಭಿಣಿಗೆ ಇದ್ದರೆ ಹೊಟ್ಟೆಯಲ್ಲಿರುವ ಮಗುವಿಗೂ ಅಪಾಯ. ಬೇಗ ಗೊತ್ತಾದರೆ ಪೆನ್ಸಿಲಿನ್ ಇಂಜೆಕ್ಷನ್‌ನಿಂದ ವಾಸಿಯಾಗುತ್ತದೆ.

3. *ಎಚ್‌ಪಿವಿ:* ಇದರ ಕೆಲವು ಬಗೆಗಳಿಂದ ನರುಲಿಯಂಥ ಗಂಟು, ಕೆಲವು ಬಗೆಗಳಿಂದ ಹೆಂಗಸರಲ್ಲಿ ಗರ್ಭಕಂಠದ ಕ್ಯಾನ್ಸರ್ ಬರುತ್ತದೆ. ಇದಕ್ಕೆ ಲಸಿಕೆ ಇದೆ. 9ರಿಂದ 14 ವರ್ಷದ ಹೆಣ್ಣುಮಕ್ಕಳಿಗೆ ಕೊಡಿಸುವುದು ಉತ್ತಮ. ನಮ್ಮ ದೇಶದ್ದೇ ಆದ ಸರ್ವಾವ್ಯಾಕ್ ಲಸಿಕೆ ಪುಣೆಯ ಕಂಪನಿಯದು.

4. *ಕಜ್ಜಿ, ಗುಪ್ತಾಂಗದ ಹೇನು:* ರಾತ್ರಿ ತುರಿಕೆ ಹೆಚ್ಚಾದರೆ ಕಜ್ಜಿ ಇರಬಹುದು. ಒಂದೇ ರೂಮಿನಲ್ಲಿ ನಾಲ್ಕಾರು ಜನ ಇರುವವರಲ್ಲಿ ಬೇಗ ಹಬ್ಬುತ್ತದೆ, ಎಲ್ಲರೂ ಒಟ್ಟಿಗೇ ಔಷಧಿ ಹಚ್ಚಬೇಕು.

ಬಾಯಿಯಿಂದ ಗುಪ್ತಾಂಗದ ಸಂಪರ್ಕವಾದರೆ ಗೊನೋರಿಯಾ, ಕ್ಲಮೀಡಿಯಾ ಕೂಡ ಬರಬಹುದು.

*ಏನು ಮಾಡಬೇಕು?*

✅ ಹುಣ್ಣು, ಗುಳ್ಳೆ, ಸ್ರಾವ, ಮೂತ್ರದಲ್ಲಿ ಉರಿ ಇದ್ದರೆ ಸಂಪರ್ಕ ನಿಲ್ಲಿಸಿ, ಡಾಕ್ಟರಿಗೆ ತೋರಿಸಿ.

✅ ಮೆಡಿಕಲ್ ಶಾಪಿನವರು ಕೊಡುವ ಕ್ರೀಮ್ ಹಚ್ಚಿಕೊಂಡು ಕಾಯಬೇಡಿ. ಲಕ್ಷಣ ಮರೆಯಾಗುತ್ತದೆ, ರೋಗ ಉಳಿಯುತ್ತದೆ.

✅ ಸರ್ಕಾರಿ ಆಸ್ಪತ್ರೆಯ ಕೌಂಟರಿನಲ್ಲಿ ರೋಗದ ಹೆಸರು ಹೇಳಬೇಕಿಲ್ಲ. "ಸ್ಕಿನ್ ಓಪಿಡಿ" ಎಂದರೆ ಸಾಕು. ಲೈಂಗಿಕ ಸೋಂಕಿನ ಚಿಕಿತ್ಸೆಗೆ ಸುರಕ್ಷಾ ಕ್ಲಿನಿಕ್‌ಗಳಿವೆ. ಐಸಿಟಿಸಿಯಲ್ಲಿ ಎಚ್‌ಐವಿ ಪರೀಕ್ಷೆ ಉಚಿತ, ಗುಟ್ಟಾಗಿಯೂ ಇಡುತ್ತಾರೆ.

✅ 1097ಕ್ಕೆ ಯಾವ ಊರಿಂದಲಾದರೂ ಉಚಿತವಾಗಿ ಕರೆ ಮಾಡಿ ಕೇಳಬಹುದು.

✅ ಗಂಡ ಒಂದೂರು, ಹೆಂಡತಿ ಒಂದೂರು ಇದ್ದರೂ ಚಿಕಿತ್ಸೆ ಇಬ್ಬರಿಗೂ ಆಗಬೇಕು. ಒಬ್ಬರೇ ಔಷಧಿ ತೆಗೆದುಕೊಂಡರೆ ಊರಿಗೆ ಹೋದಾಗ ಸೋಂಕು ಮತ್ತೆ ಅಂಟುತ್ತದೆ.

ಇದು ಮಾನದ ಪ್ರಶ್ನೆಯಲ್ಲ, ಜ್ವರ ಕೆಮ್ಮಿನಂತೆ ಇದೂ ಒಂದು ಕಾಯಿಲೆ. ನಾಚಿಕೆಯಿಂದ ತಡಮಾಡಿದಷ್ಟೂ ಮನೆಯವರಿಗೇ ತೊಂದರೆ. ದೊಡ್ಡವರಾದ ಮಕ್ಕಳಿಗೂ ಓದಿ ಹೇಳಿ, ನಮ್ಮವರ ಗ್ರೂಪುಗಳಿಗೆ ಕಳಿಸಿ. 🙏