ಕಿವಿಗೆ ಒಪ್ಪದ ಲಕ್ಷ ರೂಪಾಯಿ

ಲಕ್ಷ ರೂಪಾಯಿಯ ಇಯರ್‌ಫೋನ್ ಅಂದರೆ ನಮ್ಮ ಮನೆಯಲ್ಲಿ ಈಗಲೂ ನಗುತ್ತಾರೆ. ಕಿವಿಗೇ ಅಷ್ಟು ಖರ್ಚು ಮಾಡುವುದಾದರೆ ಓಲೆ ತಗೊಳ್ಳಬಹುದು, ಕಷ್ಟಕಾಲಕ್ಕೆ ಅಡ ಇಡಲಿಕ್ಕಾದರೂ ಬರುತ್ತದೆ ಎನ್ನುವುದು ಹೆಂಡತಿಯ ವಾದ. ಹಣಕಾಸಿನ ಬಗ್ಗೆ ಬರೆಯುತ್ತಾ ಬಂದಿರುವ ನನಗೆ ಆ ವಾದವನ್ನು ಮುರಿಯಲು ಇವತ್ತಿನವರೆಗೂ ಆಗಿಲ್ಲ. ಹಾಗಂತ ಈ ಹವ್ಯಾಸವನ್ನು ಬರೀ ಹುಚ್ಚು ಎಂದು ತಳ್ಳಿಹಾಕಲೂ ಮನಸ್ಸು ಬರುವುದಿಲ್ಲ. ದುಡಿದ ದುಡ್ಡಿನಲ್ಲಿ ಒಂದು ಪಾಲು ಖುಷಿಗೆ ಹೋಗಲೇಬೇಕು. ಹಾಗೆ ಹೋದ ಪಾಲು ನಿಜಕ್ಕೂ ಖುಷಿ ಕೊಡುತ್ತಿದೆಯೇ, ಇಲ್ಲ ಬೀರುವಿನಲ್ಲಿ ಕೂತಿದೆಯೇ ಎಂದು ವಿಚಾರಿಸುವುದಷ್ಟೇ ನನ್ನ ಕೆಲಸ.

ಬೆಂಗಳೂರಿನಲ್ಲಿ ಈ ಹವ್ಯಾಸಿಗಳು ಆಗಾಗ ಭಾನುವಾರ ಯಾರದಾದರೂ ಮನೆಯಲ್ಲಿ ಸೇರುತ್ತಾರೆ. ನಾನೂ ಹೋಗುತ್ತಿರುತ್ತೇನೆ. ಟೀಪಾಯಿಯ ಮೇಲೆ ಐಇಎಂಗಳು ಸಾಲಾಗಿ ಕೂತಿರುತ್ತವೆ. ಇನ್-ಇಯರ್ ಮಾನಿಟರ್‌ಗಳನ್ನು ಈ ಬಳಗದಲ್ಲಿ ಯಾರೂ ಪೂರ್ತಿ ಹೆಸರಿನಿಂದ ಕರೆಯುವುದಿಲ್ಲ. ಪಕ್ಕದಲ್ಲಿ ಡಾಂಗಲ್‌ಗಳು, ಬಾಲದಂಥ ಕೇಬಲ್‌ಗಳು, ಕಿವಿಯಿಂದ ಕಿವಿಗೆ ದಾಟಿಸುವ ಮೊದಲು ಒರೆಸಲು ಸ್ಪಿರಿಟ್ ಹತ್ತಿ, ಮತ್ತೆ ಸಾಂಬಾರ ಪದಾರ್ಥದ ಡಬ್ಬಿಯಂತೆ ಖಾನೆ ಖಾನೆಯಾಗಿರುವ ಒಂದು ಪೆಟ್ಟಿಗೆ. ಅದರ ತುಂಬ ಸಿಲಿಕೋನ್ ಮತ್ತು ಫೋಮ್ ಟಿಪ್‌ಗಳು, ಸಣ್ಣವು, ನಡುವಿನವು, ದೊಡ್ಡವು. ಮಾತು ಶುರುವಾದರೆ ಬೇಸ್ ಸಡಿಲವಾಗಿದೆ, ಮಿಡ್ಸ್ ಹಿಂದೆ ಸರಿದಿದೆ, ಟ್ರೆಬಲ್ ಚುಚ್ಚುತ್ತದೆ, ಸ್ಟೇಜ್ ಅಗಲವಾಗಿದೆ ಎಂದು ಗಂಟೆಗಟ್ಟಲೆ ಚರ್ಚೆ. ಇಷ್ಟೆಲ್ಲದರ ನಡುವೆ ಹಣದ ದೃಷ್ಟಿಯಿಂದ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆಯನ್ನು ಕೇಳುವವರು ಕಡಿಮೆ: ಇದನ್ನು ಕಿವಿಯಲ್ಲಿ ಎಷ್ಟು ಹೊತ್ತು ಇಟ್ಟುಕೊಳ್ಳಬಹುದು?

ಧ್ವನಿಯೇ ಬೇರೆ, ಆರಾಮವೇ ಬೇರೆ, ಎರಡನ್ನೂ ತಕ್ಕಡಿಯ ಎರಡು ತಟ್ಟೆಯಲ್ಲಿಟ್ಟು ತೂಗಬೇಕು ಎಂದು ಹವ್ಯಾಸಿಗಳೇ ಮಾತಾಡುತ್ತಾರೆ. ಧ್ವನಿಗಾಗಿ ಸ್ವಲ್ಪ ನೋವು ಸಹಿಸಬೇಕಪ್ಪ ಎನ್ನುವವರೂ ಇದ್ದಾರೆ. ನನಗೆ ಇದು ಒಪ್ಪಿಗೆಯಿಲ್ಲ. ಕಿವಿಯ ಒಳಗೆ ಕೂರುವ ಸಾಧನದ ಮಟ್ಟಿಗೆ ಇವೆರಡೂ ಒಂದೇ ಲೆಕ್ಕ. ಕಾರಣ ಕಿವಿಯ ರಚನೆಯಲ್ಲೇ ಇದೆ.

ನಮ್ಮ ಕಿವಿಯ ನಾಳ ಸುಮಾರು 2.5 ಸೆಂಟಿಮೀಟರ್ ಉದ್ದ, ನೆಟ್ಟಗಿಲ್ಲ, ಸ್ವಲ್ಪ ಡೊಂಕು. ಹೊರಗಿನ ಮೂರನೇ ಒಂದು ಭಾಗ ಮೃದ್ವಸ್ಥಿ, ಒಳಗಿನದು ಮೂಳೆ. ಮೂಳೆಯ ಭಾಗದಲ್ಲಿ ಚರ್ಮ ತೀರಾ ತೆಳು, ಅಲ್ಲಿ ಏನು ತಗುಲಿದರೂ ಚುರುಕ್ಕೆನ್ನುತ್ತದೆ. ತೆರೆದ ಕಿವಿಯಲ್ಲಿ ಈ ನಾಳವೇ ಒಂದು ಕೊಳಲಿನ ಹಾಗೆ ವರ್ತಿಸಿ 3 ಕಿಲೋಹರ್ಟ್ಸ್ ಆಸುಪಾಸಿನ ದನಿಯನ್ನು ಎತ್ತಿಕೊಡುತ್ತದೆ. ಇಯರ್‌ಫೋನ್ ತುರುಕಿ ನಾಳದ ಬಾಯಿ ಮುಚ್ಚಿದ ಕೂಡಲೇ ಆ ಸಹಜ ಏರು ಹೋಗುತ್ತದೆ, ಹಾಗಾಗಿ ತಯಾರಕರು ಅದನ್ನು ಟ್ಯೂನಿಂಗ್‌ನಲ್ಲಿ ಮತ್ತೆ ತುಂಬಿಕೊಡಬೇಕು. ಈ ಲೆಕ್ಕವೆಲ್ಲ ನಿಂತಿರುವುದು ಟಿಪ್ ಸರಿಯಾಗಿ ಕೂತಿದೆ ಎನ್ನುವ ನಂಬಿಕೆಯ ಮೇಲೆ. ಎಲ್ಲೋ ಕೂದಲೆಳೆಯಷ್ಟು ಸಂದು ಉಳಿದರೆ ಬೇಸ್ ಸೋರಿಹೋಗುತ್ತದೆ. ಒಂದೆರಡು ಮಿಲಿಮೀಟರ್ ಒಳಗೋ ಹೊರಗೋ ಸರಿದರೆ ಟ್ರೆಬಲ್‌ನ ಗುಣವೇ ಬದಲಾಗುತ್ತದೆ. ನೋಯುತ್ತದೆ ಎಂದು ನೀವು ಸ್ವಲ್ಪ ಸಡಿಲಿಸಿ ಹಾಕಿಕೊಂಡರೆ, ಲಕ್ಷ ಕೊಟ್ಟು ಕೊಂಡ ಧ್ವನಿ ಅದಲ್ಲವೇ ಅಲ್ಲ, ಬೇರೆ ಯಾವುದೋ.

ಧ್ವನಿ ಮತ್ತು ಆರಾಮದ ಈ ಗೊಂದಲ ಐಇಎಂನ ಹುಟ್ಟಿನಿಂದಲೇ ಇದೆ. ಅಮೆರಿಕದ ಇಲಿನಾಯ್‌ನಲ್ಲಿ ಶ್ರವಣ ಸಾಧನದ ಬಿಡಿಭಾಗ ತಯಾರಿಸುವ ನೋಲ್ಸ್ ಕಂಪನಿಯಲ್ಲಿದ್ದ ಮೀಡ್ ಕಿಲಿಯನ್ 1983ರಲ್ಲಿ ಎಟಿಮೋಟಿಕ್ ರಿಸರ್ಚ್ ಕಟ್ಟಿದರು. ಅವರ ಇಆರ್-4 ಇಯರ್‌ಫೋನ್ ಬಂದದ್ದು 1991ರಲ್ಲಿ. ಶ್ರವಣ ಸಾಧನಕ್ಕಾಗಿ ರೂಪಿಸಿದ್ದ ಬ್ಯಾಲೆನ್ಸ್ಡ್ ಆರ್ಮೇಚರ್ ಎಂಬ, ದನಿ ಹೊರಡಿಸುವ ಪುಟಾಣಿ ಡ್ರೈವರ್ ಅಲ್ಲಿ ಸಂಗೀತಕ್ಕೆ ತಿರುಗಿತು. ಧ್ವನಿಯ ಸ್ಪಷ್ಟತೆಗೆ ಇವತ್ತಿಗೂ ಅದನ್ನು ಹೊಗಳುವವರಿದ್ದಾರೆ. ಆದರೆ ಮೂರು ಮಡಿಕೆಯ ಅದರ ಟಿಪ್ ನಾಳದ ಒಳಕ್ಕೆ ಆಳವಾಗಿ ಇಳಿಯಬೇಕು. ಹೊರಗಿನ ಗದ್ದಲ ಅಷ್ಟೊಂದು ಚೆನ್ನಾಗಿ ನಿಲ್ಲುವುದೂ ಅದರಿಂದಲೇ, ಎಷ್ಟೋ ಜನ ಮೊದಲ ದಿನವೇ ಕಿತ್ತಿಡುವುದೂ ಅದರಿಂದಲೇ. ಇನ್ನೊಂದು ಕವಲು ವೇದಿಕೆಯಿಂದ ಬಂತು. ವ್ಯಾನ್ ಹೇಲನ್ ತಂಡದ ಸೌಂಡ್ ಎಂಜಿನಿಯರ್ ಆಗಿದ್ದ ಜೆರ್ರಿ ಹಾರ್ವಿ, ಡ್ರಮ್ಮರ್ ಅಲೆಕ್ಸ್ ವ್ಯಾನ್ ಹೇಲನ್‌ಗಾಗಿ 1995ರಲ್ಲಿ ಕಿವಿಯ ಅಚ್ಚಿಗೆ ಹೊಂದುವ ಇಯರ್‌ಫೋನ್ ಮಾಡಿಕೊಟ್ಟರು. ಅಲ್ಟಿಮೇಟ್ ಇಯರ್ಸ್ ಕಂಪನಿ ಹುಟ್ಟಿದ್ದು ಹಾಗೆ. ಎರಡೂ ಕವಲಿನ ಮೂಲದಲ್ಲಿ ಇದ್ದದ್ದು ಕಿವಿಗೆ ಸರಿಯಾಗಿ ಕೂರಿಸುವ ಚಿಂತೆ. ಹನ್ನೆರಡು ಡ್ರೈವರ್, ಹದಿನೈದು ಡ್ರೈವರ್ ಎಂಬ ಲೆಕ್ಕ ಮುಂದೆ ಬಂದದ್ದು ಆಮೇಲೆ.

ಬೆಲೆಯ ವಿಷಯಕ್ಕೆ ಬರೋಣ. 64 ಆಡಿಯೋ ಕಂಪನಿಯ ಯು12ಟಿ ಎಂಬುದರ ಒಂದೊಂದು ಕಿವಿಯಲ್ಲೂ ಹನ್ನೆರಡು ಡ್ರೈವರ್. ಅಮೆರಿಕದಲ್ಲಿ 1,999 ಡಾಲರ್‌ಗೆ ಮಾರುಕಟ್ಟೆಗೆ ಬಂದದ್ದು ಅದು. ಸೆನ್‌ಹೈಸರ್ 2021ರಲ್ಲಿ ತಂದ ಐಇ 900ರಲ್ಲಿ 7 ಮಿಲಿಮೀಟರಿನ ಒಂದೇ ಒಂದು ಡ್ರೈವರ್, ಆದರೂ ಬಂದಾಗ ನಮ್ಮಲ್ಲಿ ಲಕ್ಷ ದಾಟಿದ ಬೆಲೆ. ಇತ್ತ ಚೀನಾದ ಮೂನ್‌ಡ್ರಾಪ್, ಟ್ರೂತಿಯರ್‌ನಂಥ ಕಂಪನಿಗಳು ಎರಡು ಮೂರು ಸಾವಿರಕ್ಕೇ ಕೊಡುವ ಧ್ವನಿ ಹತ್ತು ವರ್ಷದ ಹಿಂದೆ ಇಪ್ಪತ್ತು ಸಾವಿರಕ್ಕೂ ಸಿಗುತ್ತಿರಲಿಲ್ಲ ಎಂಬುದು ನನ್ನ ಅನುಭವ. ಜೆರೊನ್ ಬ್ರೀಬಾರ್ಟ್ ಎಂಬ ಸಂಶೋಧಕರು 283 ಹೆಡ್‌ಫೋನ್‌ಗಳ ಫ್ರೀಕ್ವೆನ್ಸಿ ರೆಸ್ಪಾನ್ಸ್, ಅಂದರೆ ಬೇಸ್‌ನಿಂದ ಟ್ರೆಬಲ್‌ವರೆಗೆ ಯಾವುದು ಎಷ್ಟು ಜೋರು ಎಂಬುದನ್ನು, ಅಳೆದು 2017ರಲ್ಲಿ ಪ್ರಕಟಿಸಿದರು. ಅದಕ್ಕೂ ಅಂಗಡಿಯ ಬೆಲೆಗೂ ಸಂಬಂಧವೇ ಕಾಣಲಿಲ್ಲ ಎಂಬುದು ಅವರ ತೀರ್ಮಾನ. ಈ ಮಾತನ್ನು ಭಾನುವಾರದ ಕೂಟದಲ್ಲಿ ಎತ್ತಿದರೆ ಕೆಲವರಿಗೆ ಮುಖ ಸಣ್ಣಗಾಗುತ್ತದೆ. ಫ್ರೀಕ್ವೆನ್ಸಿ ರೆಸ್ಪಾನ್ಸ್ ಒಂದೇ ಎಲ್ಲವೂ ಅಲ್ಲ ಎಂಬ ಅವರ ಉತ್ತರದಲ್ಲಿ ಸ್ವಲ್ಪ ಹುರುಳಿದೆ. ಹೆಚ್ಚು ದುಡ್ಡಿಗೆ ಒಳ್ಳೆಯ ಲೋಹ, ನಯವಾದ ಕೆಲಸ, ಎಡಬಲ ಹೊಂದಾಣಿಕೆ, ಬದಲಿಸಬಹುದಾದ ಕೇಬಲ್, ರಿಪೇರಿಯ ಭರವಸೆ ಸಿಗುತ್ತದೆ. ಆದರೆ ಹತ್ತು ಪಟ್ಟು ಬೆಲೆಗೆ ಹತ್ತು ಪಟ್ಟು ಧ್ವನಿ ಸಿಗುತ್ತದೆ ಎಂದು ಮಾತ್ರ ಯಾರೂ ಎದೆ ಮುಟ್ಟಿ ಹೇಳಲಾರರು.

ಗೆಳೆಯರೊಬ್ಬರ ಬಹು ಡ್ರೈವರಿನ ಐಇಎಂ ಒಂದು ನನ್ನನ್ನು ಬಹಳ ಕಾಡಿತ್ತು. ಬೆಲೆ 1.2 ಲಕ್ಷ. ವಿದೇಶಕ್ಕೆ ಹೊರಟಿದ್ದ ಅವರು ಬೇಕಾದರೆ ಕಡಿಮೆಗೆ ಕೊಡುತ್ತೇನೆ, ಕೆಲವು ದಿನ ಇಟ್ಟುಕೊಂಡು ನೋಡು ಎಂದು ಕೊಟ್ಟರು. ದೊರೆಸ್ವಾಮಿ ಅಯ್ಯಂಗಾರರ ವೀಣೆ ಹಾಕಿದೆ. ತಂತಿಯ ಮೇಲೆ ಬೆರಳು ಜಾರುವ ಸಣ್ಣ ಕರಕರ, ಮೀಟಿದ ಸ್ವರ ಪೂರ್ತಿ ಆರುವ ತನಕದ ಬಾಲ, ಹಿಂದೆ ಟೇಪಿನ ಸುಂಯ್ ಸದ್ದು, ಎಲ್ಲವೂ ಬೇರೆ ಬೇರೆಯಾಗಿ ಕೇಳಿಸಿತು. ಮಲ್ಲಿಕಾರ್ಜುನ ಮನ್ಸೂರರ ಹಳೆಯ ಮುದ್ರಣದಲ್ಲಿ ಅವರು ಉಸಿರೆಳೆದುಕೊಳ್ಳುವುದು ಕೂಡ ಸಿಕ್ಕಿತು. (ಹಳೆಯ ಮುದ್ರಣಗಳಲ್ಲಿ ದುಬಾರಿ ಇಯರ್‌ಫೋನ್ ಹೊಸದಾಗಿ ಏನನ್ನೂ ಸೇರಿಸಲಾರದು. ಅಂದಿನ ಮೈಕು ಹಿಡಿದದ್ದನ್ನು ದೋಷದ ಸಮೇತ ತೋರಿಸುತ್ತದೆ, ಅಷ್ಟೆ. ಎಪ್ಪತ್ತರ ದಶಕದ ಸಿನಿಮಾ ಹಾಡುಗಳೇ ನಿಮ್ಮ ಪ್ರಾಣವಾದರೆ ಜೇಬು ಮುಟ್ಟುವ ಮೊದಲು ಇದನ್ನು ನೆನಪಿಡಿ.) ಇಪ್ಪತ್ತು ನಿಮಿಷ ಸ್ವರ್ಗ. ಅರ್ಧ ಗಂಟೆಯ ಹೊತ್ತಿಗೆ ಎಡಗಿವಿಯ ಬಟ್ಟಲಿನ ಅಂಚಿಗೆ ಹೊರಕವಚದ, ಅಂದರೆ ಶೆಲ್ಲಿನ, ಮೂಲೆ ಒತ್ತತೊಡಗಿತು. ಟಿಪ್ ಬದಲಿಸಿದೆ, ಕೇಬಲ್ಲಿನ ಕೊಕ್ಕೆ ತಿರುಗಿಸಿದೆ, ಫೋಮ್ ಹಾಕಿದೆ. ಬಲಗಿವಿಗೆ ಒಗ್ಗಿತು, ಎಡಗಿವಿ ಒಪ್ಪಲಿಲ್ಲ. ಟಿಪ್ ಕೂರುವ ನಾಜಲ್ ದಪ್ಪ, ನನ್ನ ಎಡನಾಳ ಕಿರಿದು, ಅದಕ್ಕೆ ಯಾರೂ ಏನೂ ಮಾಡುವ ಹಾಗಿರಲಿಲ್ಲ. ವಾಪಸು ಕೊಟ್ಟೆ. ಇಪ್ಪತ್ತೈದು ಸಾವಿರದ, ಒಂದೇ ಡ್ರೈವರಿನ, ಸಣ್ಣ ಶೆಲ್ಲಿನ ಇನ್ನೊಂದನ್ನು ಕೊಂಡೆ. ವೀಣೆಯ ಬಾಲ ಅದರಲ್ಲಿ ಅಷ್ಟು ಉದ್ದ ಇಲ್ಲ, ನಿಜ. ಆದರೆ ನಮ್ಮ ಮೆಟ್ರೊ ಪ್ರಯಾಣ, ಬರೆಯುವ ಹೊತ್ತು, ರಾತ್ರಿಯ ಕೇಳುವಿಕೆ ಎಲ್ಲ ಅದರಲ್ಲೇ ನಡೆಯುತ್ತಿದೆ.

ಈಗ ಲೆಕ್ಕ ಹಾಕಿ. ಇಪ್ಪತ್ತೈದು ಸಾವಿರದ್ದನ್ನು ದಿನಕ್ಕೆ ಎರಡು ಗಂಟೆಯಂತೆ ನಾಲ್ಕು ವರ್ಷ ಬಳಸಿದರೆ ಹೆಚ್ಚುಕಡಿಮೆ ಮೂರು ಸಾವಿರ ಗಂಟೆ, ಅಂದರೆ ಗಂಟೆಗೆ ಸುಮಾರು ಎಂಟೂವರೆ ರೂಪಾಯಿ. 1.2 ಲಕ್ಷದ್ದನ್ನು ನೋವಿನ ಭಯಕ್ಕೆ ಭಾನುವಾರ ಮಾತ್ರ, ಅರ್ಧ ಗಂಟೆ ಹಾಕಿಕೊಂಡರೆ ನಾಲ್ಕು ವರ್ಷಕ್ಕೆ ಬರೀ 104 ಗಂಟೆ, ಗಂಟೆಗೆ ಸುಮಾರು 1,150 ರೂಪಾಯಿ. ಅಷ್ಟು ಕೊಟ್ಟರೆ ಒಳ್ಳೆಯ ಕಛೇರಿಯನ್ನೇ ಮುಂದಿನ ಸಾಲಿನಲ್ಲಿ ಕೂತು ಕೇಳಬಹುದು. ಅದೇ 1.2 ಲಕ್ಷದ್ದು ನಿಮ್ಮ ಕಿವಿಗೆ ಹೂವಿನಂತೆ ಕೂತು ದಿನಕ್ಕೆ ಎರಡು ಗಂಟೆ ಬಳಕೆಯಾದರೆ ಗಂಟೆಗೆ ಸುಮಾರು 41 ರೂಪಾಯಿ. ಅದು ದುಬಾರಿ ಅಂತ ನಾನು ಹೇಳುವುದಿಲ್ಲ. ಕೆಲವು ಅಂಕಣಕಾರರು ಇಲ್ಲಿ ಬೇರೆ ಲೆಕ್ಕ ಹೇಳುತ್ತಾರೆ: ಲಕ್ಷ ರೂಪಾಯಿಯನ್ನು ಪಿಪಿಎಫ್‌ನಲ್ಲಿ 7.1 ಶೇಕಡಾದಲ್ಲಿ ಹಾಕಿದರೆ 15 ವರ್ಷಕ್ಕೆ 2.8 ಲಕ್ಷವಾಗುತ್ತಿತ್ತು ಎಂದು. ಲೆಕ್ಕ ಸರಿಯೇ. ಆದರೆ ಹೀಗೆ ಲೆಕ್ಕ ಹಾಕುತ್ತಾ ಹೋದರೆ ಮಸಾಲೆ ದೋಸೆಯನ್ನೂ ತಿನ್ನುವ ಹಾಗಿಲ್ಲ. ತುರ್ತುನಿಧಿ, ವಿಮೆ, ತಿಂಗಳ ಉಳಿತಾಯ ಎಲ್ಲ ಸರಿಯಿದ್ದು ಮೇಲೆ ಉಳಿದ ದುಡ್ಡಾದರೆ ಖುಷಿಗೆ ಹಾಕಿ.

ಸಾಲ ಮಾಡಿ ಮಾತ್ರ ಬೇಡ. ನೋ ಕಾಸ್ಟ್ ಇಎಂಐ ಎಂಬ ಆಮಿಷ ಈ ವ್ಯಾಪಾರದಲ್ಲಿ ಜೋರಾಗಿದೆ. ಶೂನ್ಯ ಬಡ್ಡಿ ಎಂಬ ಯೋಜನೆಗಳಿಗೆ ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರ್‌ನಲ್ಲೇ ತಡೆ ಹಾಕಿದೆ. ಹಾಗಾಗಿ ಬಡ್ಡಿ ಇದ್ದೇ ಇರುತ್ತದೆ, ಅಷ್ಟು ಮೊತ್ತವನ್ನು ಮೊದಲೇ ರಿಯಾಯಿತಿಯ ರೂಪದಲ್ಲಿ ಕಳೆದು ತೋರಿಸುತ್ತಾರೆ. ನಗದು ಕೊಟ್ಟು ಕೇಳಿದರೆ ಆ ರಿಯಾಯಿತಿ ನಿಮಗೇ ಸಿಗಬಹುದಿತ್ತು. ಮೇಲೆ ಬಡ್ಡಿಯ ಮೇಲಿನ 18 ಶೇಕಡಾ ಜಿಎಸ್‌ಟಿ, ಎಷ್ಟೋ ಸಲ ಪ್ರೊಸೆಸಿಂಗ್ ಶುಲ್ಕ ಕಾರ್ಡಿನ ಬಿಲ್ಲಿನಲ್ಲಿ ತಣ್ಣಗೆ ಬಂದು ಕೂರುತ್ತವೆ.

ಕಿವಿಯ ಅಚ್ಚು ತೆಗೆಸಿ ಕಸ್ಟಮ್ ಮಾಡಿಸಿಕೊಂಡರೆ ನೋವಿನ ಸಮಸ್ಯೆ ಮುಗಿಯಿತಲ್ಲ ಎನ್ನಬಹುದು. ಅರ್ಧ ನಿಜ. ಅಚ್ಚು ತೆಗೆಯುವುದು ಶ್ರವಣ ತಜ್ಞರ ಕೆಲಸ. ನಾಳದ ಒಳಗೆ ಸಣ್ಣ ಫೋಮಿನ ತಡೆ ಇಟ್ಟು, ಸಿರಿಂಜಿನಲ್ಲಿ ಸಿಲಿಕೋನ್ ತುಂಬಿ, ಗಟ್ಟಿಯಾದ ಮೇಲೆ ಎಳೆಯುತ್ತಾರೆ. ದವಡೆ ಆಡಿಸಿದರೆ ನಾಳದ ಆಕಾರ ಬದಲಾಗುವುದರಿಂದ ಹಲ್ಲಿನ ನಡುವೆ ಒಂದು ತುಂಡು ಕಚ್ಚಿಸಿ, ಬಾಯಿ ತೆರೆದಿರುವಾಗಲೇ ತೆಗೆಯುವುದು ಐಇಎಂನ ವಾಡಿಕೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಕಲಿತ ಆಡಿಯಾಲಜಿಸ್ಟ್‌ಗಳು ನಮ್ಮ ಊರೂರಲ್ಲಿದ್ದಾರೆ, ಶ್ರವಣ ಸಾಧನಕ್ಕೆ ಅಚ್ಚು ತೆಗೆದು ಪಳಗಿದ ಕೈ ಅವರದು. ಕೆಲಸ ಚೆನ್ನಾಗಿ ಆದರೆ ಕಸ್ಟಮ್‌ನಷ್ಟು ಆರಾಮ ಬೇರೊಂದಿಲ್ಲ. ಆದರೆ ಹಣದ ಕಡೆಯಿಂದ ನೋಡಿದರೆ ಅದು ಒಮ್ಮುಖ ರಸ್ತೆ. ನಿಮ್ಮ ಕಿವಿಗೆ ಅಚ್ಚಾದದ್ದನ್ನು ಇನ್ನೊಬ್ಬರು ಕೊಳ್ಳುವುದಿಲ್ಲ, ವರ್ಷಗಳು ಕಳೆದಂತೆ ಕಿವಿಯೂ ಬದಲಾಗುತ್ತದೆ. ಸಾಮಾನ್ಯ ಶೆಲ್ಲಿನದಾದರೆ ಟಿಪ್ ಬದಲಿಸಿ ಸೆಕೆಂಡ್ ಹ್ಯಾಂಡ್ ಮಾರಬಹುದು, ಹೊಸ ಮಾಡೆಲ್ ಬರುವ ಮೊದಲಾದರೆ ತಕ್ಕ ಬೆಲೆಯೂ ಸಿಕ್ಕೀತು.

ಇನ್ನೊಂದು ಉಳಿತಾಯದ ಬಗ್ಗೆ ಹವ್ಯಾಸಿಗಳು ಮಾತಾಡುವುದು ಕಡಿಮೆ. ಸರಿಯಾಗಿ ಕೂತ ಐಇಎಂ ಹೊರಗಿನ ಗದ್ದಲ ತಡೆಯುವುದರಿಂದ ವಾಲ್ಯೂಮ್ ಕೆಳಗೇ ಇಡಬಹುದು. ವಾರಕ್ಕೆ 40 ಗಂಟೆ ಕೇಳುವ ದೊಡ್ಡವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿರುವ ಮಿತಿ 80 ಡೆಸಿಬಲ್. ಪ್ರತಿ 3 ಡೆಸಿಬಲ್ ಏರಿದಂತೆ ಆ ಹೊತ್ತು ಅರ್ಧಕ್ಕೆ ಇಳಿಯುತ್ತದೆ. ಸಡಿಲ ಟಿಪ್ ಹಾಕಿ ಬೇಸ್ ಸಾಲದು ಎಂದು ವಾಲ್ಯೂಮ್ ಏರಿಸುವವರು ಇಂದಲ್ಲ ನಾಳೆ ಕಿವಿ ಡಾಕ್ಟರರ ಬಳಿ ಆ ಬಿಲ್ಲು ಕಟ್ಟುತ್ತಾರೆ.

ಈಗ ನಿಮ್ಮಲ್ಲಿರುವ ಇಯರ್‌ಫೋನ್ ಬೇಸರ ತಂದಿದ್ದರೆ ಮೊದಲು ಐನೂರರಿಂದ ಸಾವಿರ ರೂಪಾಯಿವರೆಗಿನ ಬೇರೆ ಟಿಪ್‌ಗಳನ್ನು ಹಾಕಿ ನೋಡಿ. ಎಡಕ್ಕೊಂದು ಅಳತೆ, ಬಲಕ್ಕೊಂದು ಅಳತೆ ಬೇಕಾಗಬಹುದು, ನಾಚಿಕೆಪಡುವಂಥದ್ದೇನಿಲ್ಲ. ಅಪ್‌ಗ್ರೇಡ್ ಬೇಕು ಎಂದು ಬಂದ ಗೆಳೆಯರಲ್ಲಿ ಹಲವರ ಕಾಯಿಲೆ ಅಷ್ಟಕ್ಕೇ ವಾಸಿಯಾದದ್ದನ್ನು ನೋಡಿದ್ದೇನೆ. ಆಗಲೂ ಸಾಲದು ಅನ್ನಿಸಿದರೆ ಅಂಗಡಿಗೆ ಹೋಗಿ, ನೀವು ಕೇಳಿ ಕೇಳಿ ಸವೆದ ಹಾಡುಗಳನ್ನೇ ಹಾಕಿ. ಎರಡನ್ನು ಹೋಲಿಸುವಾಗ ದನಿಯ ಮಟ್ಟ ಸಮ ಮಾಡಿಕೊಳ್ಳಿ, ಏಕೆಂದರೆ ಕೊಂಚ ಜೋರಾಗಿ ಕೇಳಿಸುವುದೇ ಚೆನ್ನಾಗಿದೆ ಎಂದು ಕಿವಿ ಸದಾ ತೀರ್ಪು ಕೊಡುತ್ತದೆ. ಹಾಕಿಕೊಂಡೇ ಮಾತಾಡಿ, ಒಂದು ಲೋಟ ಕಾಫಿ ಕುಡಿಯಿರಿ, ನಾಲ್ಕು ಹೆಜ್ಜೆ ಓಡಾಡಿ. ಇನ್-ಇಯರ್ ವಸ್ತುವನ್ನು ಪೆಟ್ಟಿಗೆ ಒಡೆದ ಮೇಲೆ ಶುಚಿತ್ವದ ಕಾರಣಕ್ಕೆ ಬಹಳ ಕಡೆ ವಾಪಸು ತೆಗೆದುಕೊಳ್ಳುವುದಿಲ್ಲ. ಅದಕ್ಕೇ ಹೇಳುತ್ತಿದ್ದೇನೆ, ಮುಕ್ಕಾಲು ಗಂಟೆ ಕೂತು ಕೇಳಲು ಬಿಡದ ಅಂಗಡಿಯಲ್ಲಿ, ಎಷ್ಟೇ ರಿಯಾಯಿತಿ ಕೊಟ್ಟರೂ, ಇಪ್ಪತ್ತು ಸಾವಿರಕ್ಕಿಂತ ಹೆಚ್ಚಿನದನ್ನು ಕೊಳ್ಳಬೇಡಿ.