ತಂತಿ ತಿನ್ನುವ ವೋಲ್ಟು: ಪಂಪು ಇಡುವವರಿಗೆ ಒಂದು ಲೆಕ್ಕ



ಮುತ್ತತ್ತಿ, ಹಲಗೂರು ಕಡೆಯವರಿಗೆ ವಿದ್ಯುಚ್ಛಕ್ತಿ ಹೊಸ ಮಾತಲ್ಲ. ನಮ್ಮ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ 1902ರಲ್ಲಿಯೇ ಕೋಲಾರದ ಚಿನ್ನದ ಗಣಿಗಳಿಗೆ, ಸುಮಾರು 147 ಕಿಲೋಮೀಟರು ದೂರ, ತಂತಿಯ ಮೇಲೆ ಈ ಶಕ್ತಿ ಹೋಯಿತು. ಅಷ್ಟು ದೂರ ಹೋಗಿ ಗಣಿಯ ಯಂತ್ರ ತಿರುಗಿಸಿದ ಶಕ್ತಿ, ಮನೆಯಿಂದ ಇನ್ನೂರು ಮೀಟರು ದೂರದ ಬಾವಿ ಮುಟ್ಟುವಷ್ಟರಲ್ಲಿ ಸೊರಗುವುದೇಕೆ? ಮೋಟಾರು ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ. ತಿರುಗಿದರೂ ಕೆಲವು ದಿನಗಳಲ್ಲಿ ಸುರುಳಿ ಸುಟ್ಟು ವೈಂಡಿಂಗಿಗೆ ಹೋಗುತ್ತದೆ. ಬೈಗುಳವೆಲ್ಲ ಲೈನ್‌ಮನ್ನಿಗೆ; ಕುಂದು ಎಷ್ಟೋ ಸಲ ಬಾವಿಗೆ ಎಳೆದ ತಂತಿಯಲ್ಲಿಯೇ ಇರುತ್ತದೆ. ಅದನ್ನು ಕಂಡುಕೊಳ್ಳಲು ಗುಣಾಕಾರ, ಭಾಗಾಕಾರ ಬಂದರೆ ಸಾಕು.

ಕೆರೆಯ ತೂಬನ್ನು ನೆನೆಯಿರಿ. ಕೆರೆಯಲ್ಲಿ ನೀರು ಎಷ್ಟು ಎತ್ತರ ನಿಂತಿದೆಯೋ ಅಷ್ಟು ಒತ್ತಡ. ವಿದ್ಯುತ್ತಿನಲ್ಲಿ ಇದು ವೋಲ್ಟ್. ತೂಬಿನಲ್ಲಿ ಹರಿಯುವ ನೀರಿನ ಪ್ರಮಾಣದಂತೆ ತಂತಿಯಲ್ಲಿ ಹರಿಯುವ ಕರೆಂಟು. ಅದರ ಅಳತೆ ಆಂಪಿಯರ್. ಕೊಳವೆ ಸಣ್ಣದಾಗಿದ್ದರೆ, ಉದ್ದವಾಗಿದ್ದರೆ ನೀರು ತಡೆಯುತ್ತದಲ್ಲವೆ, ಹಾಗೆಯೇ ತಂತಿ ಒಡ್ಡುವ ತಡೆಗೆ ರೋಧವೆಂದು ಹೆಸರು, ಅಳತೆ ಓಮ್. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ಓಮ್ ಬರುತ್ತದೆ. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ಶಕ್ತಿ ಬರುತ್ತದೆ. ಅದರ ಅಳತೆ ವ್ಯಾಟ್. ಸಾವಿರ ವ್ಯಾಟು ಒಂದು ಗಂಟೆ ನಡೆದರೆ ಮೀಟರಿನಲ್ಲಿ ಒಂದು ಯೂನಿಟ್.

ಮನೆಯ ನೀರು ಕಾಯಿಸುವ ಕಾಯಿಲನ್ನೇ ತೆಗೆದುಕೊಳ್ಳಿ. ಅದರ ಮೇಲೆ 1000 ವ್ಯಾಟ್, 230 ವೋಲ್ಟ್ ಎಂದು ಬರೆದಿದೆ. ಸಾವಿರವನ್ನು 230ರಿಂದ ಭಾಗಿಸಿದರೆ ಸುಮಾರು 4.35 ಆಂಪಿಯರ್. 230ನ್ನು 4.35ರಿಂದ ಭಾಗಿಸಿದರೆ ರೋಧ ಸುಮಾರು 53 ಓಮ್. ಸಂಜೆ ವೋಲ್ಟೇಜು 180ಕ್ಕೆ ಇಳಿಯಿತೆನ್ನಿ. ರೋಧ ಹೆಚ್ಚುಕಡಿಮೆ ಅಷ್ಟೇ ಇರುವುದರಿಂದ ಕರೆಂಟು 3.4 ಆಂಪಿಯರ್, ಶಕ್ತಿ ಸುಮಾರು 612 ವ್ಯಾಟ್. ವೋಲ್ಟು ಇಳಿದದ್ದು ಐದರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು; ಕಾವು ಇಳಿದದ್ದು ಐದರಲ್ಲಿ ಹತ್ತಿರ ಹತ್ತಿರ ಎರಡು ಪಾಲು. ನೀರು ಬೇಗ ಕಾಯದಿರುವ ಕಾರಣ ಇದೇ.

ಈಗ ಬಾವಿಗೆ ಹೋಗೋಣ. ದನದ ತೊಟ್ಟಿಗೆ, ಸೊಪ್ಪಿನ ಮಡಿಗೆ ನೀರೆತ್ತಲು ಸಿಂಗಲ್ ಫೇಸಿನ ಒಂದು ಎಚ್.ಪಿ. ಪಂಪು ಇಟ್ಟಿದೆ, ಅದು ಎಳೆಯುವ ಕರೆಂಟು 7 ಆಂಪಿಯರ್ ಎಂದಿಟ್ಟುಕೊಳ್ಳಿ. ದೂರ ಇನ್ನೂರು ಮೀಟರು. ಆದರೆ ಕರೆಂಟು ಹೋಗಿ ಹಿಂದಿರುಗಬೇಕು, ಆದ್ದರಿಂದ ಲೆಕ್ಕಕ್ಕೆ ಹಿಡಿಯಬೇಕಾದ ತಂತಿ ನಾನೂರು ಮೀಟರು. ಇದನ್ನು ಮರೆಯುವವರೇ ಹೆಚ್ಚು. ಅಗ್ಗವೆಂದು 1.5 ಚದರ ಮಿಲಿಮೀಟರಿನ ತಾಮ್ರದ ತಂತಿ ಎಳೆದಿದ್ದಾರೆ. ಅದಕ್ಕೆ ಕಿಲೋಮೀಟರಿಗೆ ಸುಮಾರು 12 ಓಮ್ ರೋಧ. ನಾನೂರು ಮೀಟರಿಗೆ 4.8 ಓಮ್. ಅದನ್ನು ಏಳರಿಂದ ಗುಣಿಸಿದರೆ ತಂತಿಯೇ ತಿಂದ ವೋಲ್ಟು ಸುಮಾರು 34. ಮನೆಯಲ್ಲಿ 230 ಇದ್ದರೂ ಪಂಪಿಗೆ ಸಿಗುವುದು 196. ಈ 34ನ್ನು ಏಳರಿಂದ ಗುಣಿಸಿರಿ: 238 ವ್ಯಾಟು ತಂತಿಯನ್ನು ಬಿಸಿ ಮಾಡುವುದಕ್ಕೇ ಹೋಯಿತು. ದಿನಕ್ಕೆ ನಾಲ್ಕು ಗಂಟೆ ನಡೆಸಿದರೆ ಹತ್ತಿರ ಹತ್ತಿರ ಒಂದು ಯೂನಿಟ್, ಒಂದು ಕೊಡ ನೀರೂ ಎತ್ತದೆ!

ಅಲ್ಲಿಯೇ 4 ಚದರ ಮಿಲಿಮೀಟರಿನ ತಂತಿ ಹಾಕಿದ್ದರೆ ರೋಧ 1.85 ಓಮ್, ತಿನ್ನುವ ವೋಲ್ಟು 13, ನಷ್ಟ ಸುಮಾರು 90 ವ್ಯಾಟ್. ಅಲ್ಯೂಮಿನಿಯಂ ತಂತಿಯಾದರೆ ಅದೇ ದಪ್ಪಕ್ಕೆ ರೋಧ ತಾಮ್ರದ ಒಂದೂವರೆ ಪಾಲಿಗಿಂತ ಹೆಚ್ಚೆಂದು ಗಮನಿಸಿರಿ.

ಒಂದು ಎಚ್ಚರಿಕೆ. ಮೋಟಾರು ಕಾಯಿಲಿನಂತಲ್ಲ. ವೋಲ್ಟು ಇಳಿದರೆ ಕಾಯಿಲು ಕಡಿಮೆ ಕರೆಂಟು ಎಳೆಯುತ್ತದೆ. ನೀರಿನ ಭಾರ ಹೊತ್ತ ಮೋಟಾರು ಸಾಮಾನ್ಯವಾಗಿ ಹೆಚ್ಚು ಎಳೆಯುತ್ತದೆ. ಹೆಚ್ಚು ಎಳೆದಂತೆ ತಂತಿ ಇನ್ನೂ ವೋಲ್ಟು ತಿನ್ನುತ್ತದೆ, ಸುರುಳಿ ಕಾಯುತ್ತದೆ. ಹೊರಡುವ ಗಳಿಗೆಯಲ್ಲಂತೂ ಮೋಟಾರಿಗೆ ಹಲವು ಪಟ್ಟು ಕರೆಂಟು ಬೇಕು. ಸಣ್ಣ ತಂತಿಯಲ್ಲಿ ಅದು ಸಿಗದೆ ಗುಂಯ್ ಎಂದು ನಿಲ್ಲುತ್ತದೆ. ಆಗ ಪದೇ ಪದೇ ಸ್ವಿಚ್ಚು ಒತ್ತಬೇಡಿರಿ. ಫ್ಯೂಸ್ ಹೋಗುತ್ತದೆಂದು ದಪ್ಪ ತಂತಿ ಕಟ್ಟುವುದು ಮೋಟಾರಿಗೂ ಮನೆಗೂ ಅಪಾಯ. ದಪ್ಪವಾಗಬೇಕಾದದ್ದು ಬಾವಿಯ ತಂತಿ, ಫ್ಯೂಸಲ್ಲ.

ಶಿವನಸಮುದ್ರದ ಎಂಜಿನಿಯರುಗಳು ಗೆದ್ದದ್ದೂ ಈ ಲೆಕ್ಕದಿಂದಲೇ. ಅಷ್ಟೇ ಶಕ್ತಿಯನ್ನು ಹೆಚ್ಚು ವೋಲ್ಟಿನಲ್ಲಿ ಕಳಿಸಿದರೆ ಕರೆಂಟು ಕಡಿಮೆ ಸಾಕು. ಕರೆಂಟು ಅರ್ಧವಾದರೆ ತಂತಿಯ ನಷ್ಟ ಕಾಲು ಭಾಗಕ್ಕೆ ಇಳಿಯುತ್ತದೆ. ಅದಕ್ಕಾಗಿ ವೋಲ್ಟನ್ನು ಹತ್ತಾರು ಸಾವಿರಕ್ಕೆ ಏರಿಸಿ ಕಳಿಸಿದರು. ಊರ ಟ್ರಾನ್ಸ್‌ಫಾರ್ಮರಿಗೆ 11,000 ವೋಲ್ಟಿನ ತಂತಿ ಬರುವುದೂ ಇದೇ ಕಾರಣಕ್ಕೆ. ನಾವು ಹೊಲದಲ್ಲಿ ವೋಲ್ಟು ಏರಿಸುವಂತಿಲ್ಲ. ತಂತಿ ದಪ್ಪ ಮಾಡಬಹುದು, ದೂರ ಕಡಿಮೆ ಮಾಡಬಹುದು.

ಮೂರು ಫೇಸಿನ ಮೋಟಾರಿಗೆ ವೋಲ್ಟು, ಆಂಪಿಯರ್ ಗುಣಿಸಿ, ಮತ್ತೆ 1.73ರಿಂದ ಗುಣಿಸಿ, ಪವರ್ ಫ್ಯಾಕ್ಟರಿನಿಂದಲೂ ಗುಣಿಸಬೇಕು. ಐದು ಎಚ್.ಪಿ. ಮೋಟಾರು 415 ವೋಲ್ಟಿನಲ್ಲಿ 7.5 ಆಂಪಿಯರ್ ಎಳೆದು, ಪವರ್ ಫ್ಯಾಕ್ಟರ್ 0.85 ಇದ್ದರೆ, ಸುಮಾರು 4,580 ವ್ಯಾಟ್ ತೆಗೆದುಕೊಂಡಂತೆ. ನಿಮ್ಮ ಮೋಟಾರಿನ ಫಲಕದಲ್ಲಿ ಬರೆದ ಆಂಪಿಯರನ್ನು ಗುರುತು ಹಾಕಿಕೊಳ್ಳಿರಿ. ಪಂಪು ನಡೆಯುವಾಗ ವೈರ್‌ಮನ್ನಿನಿಂದ ಕ್ಲ್ಯಾಂಪ್ ಮೀಟರು ಹಿಡಿಸಿ ನೋಡಿಸಿರಿ. ಫಲಕಕ್ಕಿಂತ ಹೆಚ್ಚು ತೋರಿಸಿದರೆ ಮೊದಲು ಪಂಪಿನ ಹತ್ತಿರವೇ ವೋಲ್ಟು ಅಳೆಸಿರಿ. ವೋಲ್ಟು ಮೂರು ಫೇಸಿಗೂ ಸರಿಯಿದ್ದು ಕರೆಂಟು ಮಾತ್ರ ಹೆಚ್ಚಿದ್ದರೆ ಪಂಪನ್ನು ಬಿಚ್ಚಿಸಿ ಬೇರಿಂಗು ನೋಡಿಸಿರಿ.